ಸುಬೇದಾರರ ಸಾಲು, ನಮ್ಮ ಮನೆಯವರ ಕಾಲು

ಯುದ್ಧದಲ್ಲಿ ಗಾಯಗೊಂಡು ಊರಿಗೆ ಮರಳಿದ ಸೈನಿಕರು ನಾಲ್ಕು ಜನ ಸೇರಿ ಊರಿಗೆ ಒಳ್ಳೆಯದು ಮಾಡಲು ಹೊರಟರೆ ಏನಾದರೊಂದು ಆಗದೆ ಇರುವುದಿಲ್ಲ. ಹೊಸಪೇಟೆಯ ನಮ್ಮ ಓಣಿಯಲ್ಲಿ ಅಂಥದೊಂದು ಸಂಘವಿತ್ತು. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಸಾಲುಸಾಲಾಗಿ ಇಳಿಯುತ್ತಿದ್ದ, ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿದ್ದ ಕಾಲ ಅದು. ಒಂದು ವರ್ಷ ಊರ ಸೇವೆ ಮಾಡುವುದೆಂದು ಸಂಘದವರು ತೀರ್ಮಾನಿಸಿದರು.

ಅಧ್ಯಕ್ಷರು ಸುಬೇದಾರರು, ಎಡಗೈ ಇರಲಿಲ್ಲ. ಕಾರ್ಯದರ್ಶಿ ಸೇನೆಯಲ್ಲಿ ಡ್ರೈವರ್ ಆಗಿದ್ದವರು, ನಮಗೆಲ್ಲ ಡ್ರೈವರ್ ಅಣ್ಣ, ಎಡಗಣ್ಣು ಇರಲಿಲ್ಲ. ನಮ್ಮ ಮನೆಯವರಿಗೆ ಬಲಗಾಲು ಮೊಣಕಾಲಿನವರೆಗೆ ಮಾತ್ರ. ಕೃತಕ ಕಾಲು ಕೊಟ್ಟಿದ್ದರು, ಆದರೆ ಅದನ್ನು ಯಾರೂ ನೋಡಬಾರದೆಂದು ಅವರು ಮನೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ. ಅವರನ್ನು ಹೊಸ್ತಿಲು ದಾಟಿಸುವುದು ಹೇಗೆಂಬುದೇ ನನ್ನ ಚಿಂತೆಯಾಗಿತ್ತು.

ಈಗ ಅವರಿಲ್ಲ. ನಾನು ಏನಾದರೂ ಹೇಳುವಾಗ ನಡುವೆ ಬಾಯಿ ಹಾಕಿ "ಹಂಗಲ್ಲ ಅದು" ಎಂದು ತಿದ್ದುವವರೇ ಇಲ್ಲ. ಅದಕ್ಕೇ ಆದಷ್ಟು ಸರಿಯಾಗಿ ಬರೆಯುತ್ತೇನೆ.

ಅರ್ಧ ಹಾಜರಿ

ಪ್ರತಿ ಭಾನುವಾರ ಸೇವೆಗೆ ಹೊರಡುವ ಮುನ್ನ ಸುಬೇದಾರರು ಹಾಜರಿ ಕೂಗುತ್ತಿದ್ದರು. ಅದನ್ನೂ ನಮ್ಮ ಗೇಟಿನ ಮುಂದೆಯೇ ನಿಂತು ಕೂಗುತ್ತಿದ್ದರು. ಕೊನೆಗೆ ನಮ್ಮ ಮನೆಯವರ ಹೆಸರು. ಒಳಗಿನಿಂದ ಉತ್ತರವಿಲ್ಲ. ಮತ್ತೆ ಕೂಗುವರು. ಪಕ್ಕದ ಮನೆಯವರು ಕಸಬರಿಗೆ ಹಿಡಿದು ಅಂಗಳಕ್ಕೆ ಬಂದು ನಿಲ್ಲುವವರೆಗೂ ಕೂಗುವರು.

ಹೀಗೆ ಎಷ್ಟೋ ಭಾನುವಾರ ಕಳೆದ ಮೇಲೆ, ಒಂದು ದಿನ ತಡೆಯಲಾರದೆ ನಮ್ಮ ಮನೆಯವರು ಮಂಚದ ಮೇಲಿಂದಲೇ "ಹಾಜರ್" ಎಂದು ಒದರಿದರು.

ನಾನು ಚಹಾ ತಟ್ಟೆ ಹಿಡಿದು ಗೇಟಿಗೆ ಹೋದೆ. ಸುಬೇದಾರರು ಗಂಭೀರವಾಗಿ ಹೇಳಿದರು: "ದನಿ ಬಂತು ತಂಗಿ, ಆಳು ಬರಲಿಲ್ಲ. ಇವತ್ತಿಗೆ ಅರ್ಧ ಹಾಜರಿ ಹಾಕ್ತೀನಿ."

ಶಾಲೆಯ ಟೀಚರಾಗಿ ಇಷ್ಟು ವರ್ಷ ಮಕ್ಕಳ ಹಾಜರಿ ಹಾಕಿದ ನನಗೆ ಅಂಥದೊಂದು ಇದೆಯೆಂದು ಗೊತ್ತಿರಲಿಲ್ಲ.

ತಪ್ಪಿದ ಬಾಗಿಲು

ಸಂಡೂರು ಕಡೆಯ ವಡ್ಡು ಗ್ರಾಮದಲ್ಲಿ ಬೇವಿನ ಸಸಿ ನೆಡುವ ಕೆಲಸ. ಸುಬೇದಾರರು ಈ ತುದಿಯಿಂದ ಆ ತುದಿಗೆ ಹಗ್ಗ ಎಳೆಸಿ, ಒಂದು ಸಸಿಯೂ ಅರ್ಧ ಗೇಣು ಆಚೀಚೆ ಆಗದಂತೆ, ಪರೇಡಿಗೆ ನಿಲ್ಲಿಸಿದ ಹಾಗೆ ನೆಡಿಸಿದರು. ಸಂಜೆ ಅಂಗನವಾಡಿಯ ಟೀಚರ್ ಬಂದು ನೋಡಿದರೆ, ಒಂದು ಸಸಿ ಸರಿಯಾಗಿ ಅಂಗನವಾಡಿಯ ಬಾಗಿಲಿಗೆ ಅಡ್ಡ ನಿಂತಿದೆ.

"ಇದೇನ್ರಿ? ಇದು ಮರ ಆದ ಮ್ಯಾಲೆ ಹುಡುಗ್ರು ಒಳಗ ಹೆಂಗ ಬರಬೇಕ್ರಿ?"

ಸುಬೇದಾರರು ಒಂದು ಕಣ್ಣು ಮುಚ್ಚಿ ಸಾಲು ನೋಡಿದರು. ಆಮೇಲೆ ಬಾಗಿಲು ನೋಡಿದರು. "ಸಾಲು ಸರಿ ಐತ್ರಿ ಅಮ್ಮಾ. ಬಾಗಿಲು ತಪ್ಪು ಜಾಗಾದಾಗ ಐತಿ."

ಡ್ರೈವರ್ ಅಣ್ಣ ಇದನ್ನು ನಮ್ಮ ಪಡಸಾಲೆಯಲ್ಲಿ ಕೂತು ಹೇಳುತ್ತಿದ್ದಾಗ ಒಳಕೋಣೆಯಿಂದ ಒಂದು ಪ್ರಶ್ನೆ ಬಂತು. ಹೊರಗಿನ ಲೋಕದ ಬಗ್ಗೆ ನಮ್ಮ ಮನೆಯವರು ಆ ವರ್ಷ ಕೇಳಿದ ಮೊದಲ ಪ್ರಶ್ನೆ.

"ಕಡೀಕ ಸಸಿ ಕಿತ್ತಿದ್ರೋ, ಬಾಗಿಲಾ ಕಿತ್ತಿದ್ರೋ?"

ಕಂಪ್ಲಿಯ ಜೀಪು

ಆ ಪ್ರಶ್ನೆ ಕೇಳಿ ಡ್ರೈವರ್ ಅಣ್ಣನಿಗೆ ಧೈರ್ಯ ಬಂತು. ಮುಂದಿನ ವಾರ ಸಂಘದ ಸೇವೆಗೆಂದು ಕಂಪ್ಲಿಗೆ ಜೀಪು ಒಯ್ಯಬೇಕಿತ್ತು, ಅವರು ನೇರ ಒಳಕೋಣೆಗೇ ಹೋದರು. "ಕಂಪ್ಲಿ ರಸ್ತಿ ಭಾಳ ಕೆಟ್ಟೈತಿ. ಎಡಗಡೆ ತಗ್ಗು ನನಗ ಕಾಣಂಗಿಲ್ಲ. ನೀ ಬಾಜೂಕ ಕುಂತು ಎಡಗಡೆ ನೋಡು, ಬಲಗಡೆ ನಾ ನೋಡ್ತೀನಿ. ಜೀಪಿನಿಂದ ಇಳಿಯೋದೇ ಬ್ಯಾಡ."

ಇಳಿಯುವ ಮಾತಿಲ್ಲವೆಂದ ಮೇಲೆ ನಮ್ಮ ಮನೆಯವರು ಒಪ್ಪಿದರು. ಆ ಸೆಕೆಯಲ್ಲೂ ಕಾಲ ಮೇಲೆ ಶಾಲು ಹೊದ್ದು ಮುಂದೆ ಕೂತರು.

ಕಂಪ್ಲಿಯಿಂದ ಮುದುಕ ಮುದುಕಿಯರನ್ನು ಹೊಸಪೇಟೆಯ ಕಣ್ಣು ತಪಾಸಣೆಗೆ ಕರೆತರಬೇಕಿತ್ತು. ಎಲ್ಲರೂ ಹತ್ತಿ ಕೂತರು. ಒಬ್ಬ ಅಜ್ಜಿ ಮುಂದೆ ಬಾಗಿ ಡ್ರೈವರ್ ಅಣ್ಣನ ಮುಖ ನೋಡಿ ಕನಿಕರದಿಂದ ಕೇಳಿದಳು: "ನಿನಗೂ ಆಪರೇಷನ್ನೇನಪಾ?"

"ಇಲ್ಲವ್ವಾ, ನಾ ಡ್ರೈವರ್."

ಜೀಪು ಕ್ಷಣದಲ್ಲಿ ಅರ್ಧ ಖಾಲಿಯಾಯಿತು. ಕೆಳಗಿಳಿದ ಅಜ್ಜಿ ನಮ್ಮ ಮನೆಯವರ ಕಡೆ ತಿರುಗಿದಳು. "ನಿನಗ ಎರಡೂ ಕಣ್ಣು ಅದಾವಲ್ಲೋ ಯಪ್ಪಾ. ನೀನಾ ನಡಸು."

ಅವರು ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡು, "ನನಗ ಲೈಸನ್ಸ್ ಇಲ್ಲವ್ವಾ" ಎಂದರಂತೆ.

ಅಜ್ಜಿ ಉಳಿದವರನ್ನೂ ಇಳಿಸಿದಳು. "ಕಣ್ಣಿದ್ದಾವಗ ಲೈಸನ್ಸ್ ಇಲ್ಲ, ಲೈಸನ್ಸ್ ಇದ್ದಾವಗ ಕಣ್ಣಿಲ್ಲ. ಇಳೀರ್ಲೇ, ಬಸ್ಸಿಗೆ ಹೋಗೂಣು."

ಬೂಟು

ನಮ್ಮ ಶಾಲೆ ಸಂಡೂರು ರಸ್ತೆಗೇ ಇತ್ತು. ಶಾಲೆ ಬಿಟ್ಟ ಮೇಲೆ ಮಕ್ಕಳು ಲಾರಿಗಳ ನಡುವೆ ರಸ್ತೆ ದಾಟಬೇಕು. ಅವರನ್ನು ದಾಟಿಸುವ ಕೆಲಸ ಸಂಘ ವಹಿಸಿಕೊಂಡಿತು. ಆದರೆ ಸುಬೇದಾರರು ಒಂದು ಕೈ ಎತ್ತಿ ಈ ಕಡೆಯ ಲಾರಿ ನಿಲ್ಲಿಸಿದರೆ ಆ ಕಡೆಯದು ನುಗ್ಗಿ ಬರುತ್ತಿತ್ತು.

ಅವರು ನಮ್ಮ ಮನೆಗೆ ಬಂದರು. "ತಮ್ಮಾ, ಎರಡು ಕೈ ಬೇಕಾಗ್ಯಾವು."

"ನನಗ ಒಂದ ಕಾಲು."

"ಕಾಲು ಯಾರು ಕೇಳಿದ್ರು? ಕುರ್ಚಿ ಹಾಕಿಸ್ತೀನಿ."

ಹೀಗೆ ನಮ್ಮ ಮನೆಯವರು ರಸ್ತೆಯ ಅಂಚಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಮತ್ತದೇ ಶಾಲು ಹೊದ್ದು, ಎರಡೂ ಕೈ ಚಾಚಿ ಲಾರಿ ನಿಲ್ಲಿಸತೊಡಗಿದರು. ಸೆಕೆಗೆ ಕೃತಕ ಕಾಲಿನ ಪಟ್ಟಿ ಚರ್ಮ ಕೊರೆಯುತ್ತಿತ್ತು. ಅದಕ್ಕೆ ಅದನ್ನು ಮೆಲ್ಲಗೆ ಬಿಚ್ಚಿ ಶಾಲಿನ ಮರೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಅದು ನನಗೊಬ್ಬಳಿಗೇ ಗೊತ್ತು.

ಒಂದು ಸಂಜೆ, ಮಕ್ಕಳು ಇನ್ನೂ ಗೇಟಿನ ಒಳಗಿದ್ದಾಗ, ಲಾರಿಯೊಂದರ ಬ್ರೇಕ್ ತಡವಾಗಿ ಹಿಡಿಯಿತು. ಸುಬೇದಾರರು ಇದ್ದ ಒಂದೇ ಕೈಯಿಂದ ಕುರ್ಚಿಯನ್ನು ಅವರ ಸಮೇತ ಹಿಂದಕ್ಕೆಳೆದರು. ಕಾಲು ಮಾತ್ರ ಅಲ್ಲೇ ಉಳಿಯಿತು. ಮುಂದಿನ ಚಕ್ರ ಅದರ ಮೇಲೆ ಹತ್ತಿ ನಿಂತಿತು.

ಲಾರಿಯಿಂದ ಎಳೆಯ ಡ್ರೈವರ್ ಜಿಗಿದ. ಚಕ್ರದ ಕೆಳಗೆ ಬೂಟು ಹಾಕಿದ ಕಾಲು. ಕುರ್ಚಿಯಲ್ಲಿ ಒಂದು ಕಾಲಿಲ್ಲದ ಮನುಷ್ಯ. ಹುಡುಗ ರಸ್ತೆಯಲ್ಲೇ ಕುಸಿದು ತಲೆ ಚಚ್ಚಿಕೊಂಡು ಅಳತೊಡಗಿದ. ಶಾಲು ಧೂಳಿನಲ್ಲಿ ಬಿದ್ದಿತ್ತು. ಇಡೀ ಶಾಲೆ, ಚಹಾ ಅಂಗಡಿಯವರು, ಹಿಂದೆ ನಿಂತ ಲಾರಿಗಳವರು, ಎಲ್ಲರೂ ಅವರನ್ನೇ ನೋಡುತ್ತಿದ್ದರು. ಇನ್ನು ಇವರು ಜನ್ಮದಲ್ಲಿ ಹೊರಗೆ ಬರುವುದಿಲ್ಲ ಅಂದುಕೊಂಡೆ.

ನಮ್ಮ ಮನೆಯವರು ಕುರ್ಚಿಯಿಂದಲೇ ಹುಡುಗನ ಕಡೆ ಬಾಗಿದರು. "ಅಳಬ್ಯಾಡೋ ತಮ್ಮಾ. ಅದು ನೀ ತಗದ ಕಾಲಲ್ಲ. ಗಡಿಯಾಗ ಮೊದಲಾ ಹೋಗೇತಿ. ಇದು ಬರೇ ಫೈಬರು."

ಹುಡುಗ ಬಿಕ್ಕುತ್ತ ಕೇಳಿದ: "ನೋವು ಆಗ್ಲಿಲ್ಲೇನ್ರಿ?"

"ಆತು. ಬೂಟು ಹೊಸಾದು."

ಸುಬೇದಾರರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಮ್ಮ ಮನೆಯವರೂ ನಕ್ಕರು. ಎಷ್ಟು ನಕ್ಕರೆಂದರೆ ನಾನು ಹೋಗಿ ಕುರ್ಚಿ ಹಿಡಿದುಕೊಳ್ಳಬೇಕಾಯಿತು.

ಹುಡುಗ ಲಾರಿಯನ್ನು ಬದಿಗೆ ಸರಿಸಿ ಕಾಲು ಬಿಡಿಸಿದ, ಆಮೇಲೆ ಪ್ರಾಯಶ್ಚಿತ್ತಕ್ಕೆಂದು ಅವರನ್ನು ಬೆನ್ನ ಮೇಲೆ ಹೊತ್ತು ಬಜಾರದ ನಡುವೆಯೇ ಮನೆಯ ಕಡೆ ಹೊರಟ. ಖಾಲಿ ಪ್ಯಾಂಟಿನ ತುದಿ ಗಾಳಿಗೆ ಹಾರಾಡುತ್ತಿತ್ತು. ಶಾಲು ನನ್ನ ಕೈಯಲ್ಲಿತ್ತು. ಕೊಡಲು ಹೋದರೆ "ಸೆಕಿ ಐತಿ, ಬ್ಯಾಡ" ಎಂದರು.

ಕಿರಾಣಿ ಅಂಗಡಿಯವರು ಗಾಬರಿಯಿಂದ ಎದ್ದು ನಿಂತು ಕೇಳಿದರು: "ಕಾಲು ಎಲ್ಲೈತ್ರೀ?"

ನಮ್ಮ ಮನೆಯವರು ಬೆನ್ನ ಮೇಲಿಂದಲೇ ಕೈ ತೋರಿಸಿದರು. "ಹಿಂದ ಬರಾಕತ್ತೈತಿ."

ನಿಜವಾಗಿಯೂ ಬರುತ್ತಿತ್ತು. ಸುಬೇದಾರರು ಅದನ್ನು ಬಂದೂಕಿನಂತೆ ಬಲ ಭುಜಕ್ಕೇರಿಸಿ, ಬಜಾರದ ಉದ್ದಕ್ಕೂ ಹೆಜ್ಜೆ ತಪ್ಪದೆ ಮಾರ್ಚ್ ಮಾಡಿಕೊಂಡು ಬರುತ್ತಿದ್ದರು.