ಒಂಬತ್ತು ಕಿಲೋ ಭಂಗಾರ

"ಇವತ್ತಿನಿಂದ ಈ ಮನ್ಯಾಗ ಬ್ಯಾಡಾದ ತೂಕ ಒಂದು ಗ್ರಾಂ ಸೈತ ಇರಬಾರದು!"

ಬೋಲ್ಟು ಬಿಚ್ಚುವ ಪಾನಾವನ್ನು ಗದೆಯಂತೆ ಎತ್ತಿ ಹಿಡಿದು ಅಮರ ಘೋಷಿಸಿದ. ಅಡುಗೆಮನೆಯಿಂದ ಹೆಂಡತಿ ತ್ರಿವೇಣಿ ತಲೆ ಹೊರಗೆ ಹಾಕಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಟವು ನಡುದಾರಿಯಲ್ಲಿ, ಹೊಟ್ಟೆಯ ಬಳಿ, ತುಸು ಹೊತ್ತು ವಿಶ್ರಮಿಸಿ ಮುಂದೆ ಹೋಯಿತು.

"ಹಂಗಾದ್ರ ನೀವು ಎಲ್ಲಿ ಇರಾವ್ರು?"

"ನಂದಲ್ಲ, ಗಾಡೀದು!"

ಅದು ಎರಡು ಸಾವಿರದ ನಾಲ್ಕನೆಯ ಇಸವಿಯ ಮಳೆಗಾಲ. ಭೋಸರಿಯ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದ ಅಮರನ ಕಣ್ಣಿಗೆ ಅಲ್ಲಿಯ ಕ್ಯಾಂಟೀನಿನ ಗೋಡೆಯ ಮೇಲೆ ಒಂದು ಚೀಟಿ ಬಿದ್ದಿತ್ತು. ಹಿಂಜವಾಡಿಯಾಚೆಯ ಬಯಲಿನಲ್ಲಿ ಸೂಪರ್‌ಮೋಟೋ ಪಂದ್ಯ! ಸೂಪರ್‌ಮೋಟೋ ಎಂದರೆ ಅರ್ಧ ದಾರಿ ಡಾಂಬರು, ಅರ್ಧ ದಾರಿ ಮಣ್ಣು. ಒಂದೇ ಮೋಟರ್‌ಸೈಕಲ್ಲು ಎರಡರ ಮೇಲೂ ಹಾರಬೇಕು. ಭೋಸರಿಯ ಜನ ಕೆಲಸಕ್ಕೆ ಹೋಗುವಾಗಲೆಲ್ಲ ಈ ಪಂದ್ಯವನ್ನೇ ಆಡುತ್ತ ಬಂದಿದ್ದರು. ಗೆದ್ದವರಿಗೆ ಕಪ್ಪು ಮಾತ್ರ ಯಾರೂ ಕೊಟ್ಟಿರಲಿಲ್ಲ.

ಆ ಕಪ್ಪು ಅಮರನಿಗೆ ಬೇಕಾಗಿತ್ತು. ಕಾರಣ, ವಿಜಾಪುರ ಜಿಲ್ಲೆಯ ಇಂಡಿಯಲ್ಲಿರುವ ಅವನ ಅತ್ತೆಯ ಮನೆ. ಅಲ್ಲಿ ಹಿರಿಯಳಿಯ ಬ್ಯಾಂಕಿನ ಸಾಹೇಬ. ಅವನು ಬಂದರೆ ಕುರ್ಚಿ ಬರುತ್ತಿತ್ತು. ಅಮರ ಬಂದರೆ ಚಾಪೆ ಬರುತ್ತಿತ್ತು. ಯಾರಾದರೂ ಕೇಳಿದರೆ ಅರಿವೆ ಅಂಗಡಿಯ ಶಿವಪ್ಪ ಮಾವನವರು, "ಇವ್ರು ನಮ್ಮ ಸಣ್ಣ ಅಳಿಯಂದ್ರು, ಪುಣೆದಾಗ ಏನೋ ಮಾಡ್ತಾರ" ಎನ್ನುತ್ತಿದ್ದರು. ಆ "ಏನೋ" ಎಂಬ ಮಾತು ಅಮರನ ಎದೆಯಲ್ಲಿ ಬಾರೆ ಮುಳ್ಳಿನಂತೆ ಮುರಿದುಕೊಂಡು ಕೂತಿತ್ತು.

ಗಾಡಿಯೇನೋ ಇತ್ತು. ಅದೂ ಮದುವೆಯಲ್ಲಿ ಶಿವಪ್ಪನವರೇ ಕೊಟ್ಟದ್ದು. ಹಂದರದಲ್ಲಿ ಮದುಮಗನಿಗಿಂತ ಮೊದಲು ಹಾರ ಬಿದ್ದದ್ದು ಅದಕ್ಕೇ. ಅಗಲ ಹ್ಯಾಂಡಲ್ಲು, ಸಣ್ಣ ದಪ್ಪ ಚಕ್ರ ಹಾಕಿದ ಮೇಲೆ ಸೂಪರ್‌ಮೋಟೋದ ರೂಪವೂ ಬಂತು. ಇನ್ನು ಇಳಿಯಬೇಕಾದದ್ದು ತೂಕ ಒಂದೇ.

ಮೊದಲ ಬಲಿ ಸೀರೆ ಗಾರ್ಡು.

"ಅದು ನನ್ನ ಸೀರಿ ಕಾಯೂದು!" ಎಂದಳು ತ್ರಿವೇಣಿ.

"ರೇಸಿನ್ಯಾಗ ಯಾರೂ ಸೀರಿ ಉಟ್ಕೊಂಡು ಬರಂಗಿಲ್ಲ."

ಆಮೇಲೆ ಲೆಗ್ ಗಾರ್ಡು ಹೋಯಿತು. ಹಿಂದೆ ಕೂತವರು ಕಾಲಿಡುವ ಕಡ್ಡಿಗಳು ಹೋದವು. ಹಿಂದಿನ ಮಡ್‌ಗಾರ್ಡು ಹೋಯಿತು. ಸೀಟಿನ ದಪ್ಪ ಅರ್ಧವಾಯಿತು. ಪುಣೆಯಲ್ಲಿ ಹಾರನ್ನು ಕೇಳಿ ಯಾರೂ ಸರಿದ ಇತಿಹಾಸವಿಲ್ಲವೆಂದು ಹಾರನ್ನೂ ಹೋಯಿತು. ಪೆಟ್ರೋಲ್ ಟಾಕಿಯ ಮೇಲಿನ ಬಸವಣ್ಣನ ಚಿತ್ರವನ್ನು ಕೆರೆಯಲು ಹೋದಾಗ ಮಾತ್ರ ತ್ರಿವೇಣಿ ಸೌಟು ಹಿಡಿದು ಹೊರಬಂದಳು.

"ದೇವರಿಗೆ ತೂಕ ಇರಂಗಿಲ್ಲ, ಬಿಡ್ರಿ!"

"ಅದೂ ಖರೇನ" ಎಂದು ಬಿಟ್ಟ.

ಕಡೆಗೆ ನಡುವಿನ ಸ್ಟ್ಯಾಂಡು, ಪಕ್ಕದ ಸ್ಟ್ಯಾಂಡು ಎರಡೂ ಹೋದವು. ಅಲ್ಲಿಂದ ಗಾಡಿಗೆ ಸ್ವಂತ ಕಾಲ ಮೇಲೆ ನಿಲ್ಲುವ ಯೋಗ ತಪ್ಪಿತು. ಮನೆಯಲ್ಲಿ ಗೋಡೆಗೆ ಒರಗುತ್ತಿತ್ತು. ಸಂತೆಯಲ್ಲಿ ಗಂಡ ಮೆಂತ್ಯದ ಸೂಡು ಆರಿಸುವವರೆಗೆ ಹೆಂಡತಿ ಹ್ಯಾಂಡಲ್ಲು ಹಿಡಿದು ನಿಲ್ಲುತ್ತಿದ್ದಳು.

"ನಾ ನಿಮ್ಮ ಹೆಂಡತಿ ಏನ್ರೀ, ಸೈಡ್ ಸ್ಟ್ಯಾಂಡೋ?"

ಬಿಚ್ಚಿದ್ದೆಲ್ಲ ಹೋಗುತ್ತಿದ್ದುದು ಓಣಿಯ ಕೊನೆಯ ರಂಗೂಬಾಯಿಯ ಭಂಗಾರ ಅಂಗಡಿಗೆ. ಗಾಡಿ ತೂಗುವಷ್ಟು ದೊಡ್ಡ ಕಾಟಾ ಇದ್ದದ್ದೂ ಅಲ್ಲಿಯೇ. ಭಂಗಾರ ಎಂದರೆ ಮರಾಠಿಯಲ್ಲಿ ಗುಜರಿ ಸಾಮಾನು. ಹೊಸದಾಗಿ ಪುಣೆಗೆ ಬಂದ ಕನ್ನಡಿಗ ಈ ಶಬ್ದ ಕೇಳಿ ಹೌಹಾರುತ್ತಾನೆ. ನಾಲ್ಕು ವರ್ಷ ಕಳೆದರೆ ತಾನೂ ಮನೆಯ ಹರಕು ಡಬ್ಬಿಗೆ ಭಂಗಾರ ಎನ್ನತೊಡಗುತ್ತಾನೆ. ಅಮರ, ತ್ರಿವೇಣಿ ಇಬ್ಬರಿಗೂ ನಾಲ್ಕು ವರ್ಷ ಕಳೆದಿತ್ತು.

ಹೀಗಿರುವಾಗ ಒಂದು ಗುರುವಾರ ಇಂಡಿಯಿಂದ ಅತ್ತೆ ಭೀಮವ್ವನ ಫೋನು ಬಂತು. ಹೊರಗೆ ಧೋ ಎಂದು ಮಳೆ. ತಂತಿಯೊಳಗೆ ಹುರಿಗಡಲೆ ಹುರಿದ ಸದ್ದು.

"ಅಳಿಯಂದ್ರು ಏನ್ ಮಾಡ್ಲಿಕತ್ತಾರವಾ?"

"ಏನಂತ ಹೇಳ್ಲಿ ಅವ್ವಾ! ಕಿಲೋಗಟ್ಲೆ ಭಂಗಾರ ಅಂಗಡಿಗಿ ಹಾಕ್ಯಾರ!"

ಭ ಎಂಬ ಅಕ್ಷರವನ್ನು ಗಮನವಿಟ್ಟು ನೋಡಿ. ಅದರ ಕೆಳಗೊಂದು ಪುಟ್ಟ ಗೆರೆ ಇದೆ. ಅದು ಆ ಅಕ್ಷರದ ಸೈಡ್ ಸ್ಟ್ಯಾಂಡು. ಪುಣೆಯಿಂದ ಇಂಡಿಗೆ ಹೋಗುವ ದಾರಿಯಲ್ಲಿ, ಬಹುಶಃ ಸೊಲ್ಲಾಪುರದ ಆಸುಪಾಸು, ಮಳೆಯ ಹೊಡೆತಕ್ಕೆ ಆ ಸ್ಟ್ಯಾಂಡು ಕಳಚಿ ಬಿತ್ತು. ಜೊತೆಗೆ "ಅಂಗಡಿಗಿ"ಯ ಬಾಲವೂ ಉದುರಿತು. ಇಂಡಿಗೆ ಮುಟ್ಟಿದ್ದು ಇಷ್ಟು: "ಕಿಲೋಗಟ್ಲೆ ಬಂಗಾರ! ಅಂಗಡಿ ಹಾಕ್ಯಾರ!"

ಒಂದು ಮಹಾಪ್ರಾಣ ಹೋದದ್ದರಿಂದ ಯಾರ ಪ್ರಾಣಕ್ಕೆ ಸಂಕಟ ಬಂತೆಂಬುದು ಮುಂದಿನ ಕತೆ.

ಅರ್ಧ ತಾಸಿನೊಳಗೆ ಮತ್ತೆ ಫೋನು. ತ್ರಿವೇಣಿ ಕೇಳಿಸಿಕೊಂಡು ಗಂಡನ ಕಡೆ ತಿರುಗಿದಳು.

"ಭಂಗಾರದ ಸುದ್ದಿ ಕೇಳಿ ಅಪ್ಪ ರಾತ್ರಿ ಬಸ್ಸಿಗೇ ಹೊಂಟಾನಂತ. ನಾ ಕೊಟ್ಟ ಗಾಡಿ ಮ್ಯಾಲೇ ಕರಕೊಂಡು ಹೋಗ್ಲಿಕ್ಕೆ ಬರ್ರಿ ಅಂತ ಹೇಳ್ಯಾನ."

ಅಮರನ ಕೈಯಿಂದ ಪಾನಾ ಜಾರಿತು. ಮಾವ ಕೊಟ್ಟ ಗಾಡಿ ಬಿಚ್ಚಿ ಮಾರಿದ ಸುದ್ದಿ ಮಾವನಿಗೇ ಮುಟ್ಟಿದೆ! ಇನ್ನು ಮೇಲೆ ಚಾಪೆಯೂ ಸಿಗಲಾರದು! ಮಾರಿದ್ದನ್ನೆಲ್ಲ ತಿರುಗಿ ತರೋಣವೆಂದು ರಂಗೂಬಾಯಿಯ ಅಂಗಡಿಗೆ ಓಡಿದ. ಗುರುವಾರ ಭೋಸರಿಗೆ ವಾರದ ರಜೆ. ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ.

ಮರುದಿನ ಬೆಳಿಗ್ಗೆ ಸ್ವಾರಗೇಟಿನಲ್ಲಿ ಶಿವಪ್ಪನವರು ಬಸ್ಸಿನಿಂದ ಇಳಿದರು. ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ಟೋಪಿ, ಸೊಂಟದಲ್ಲೊಂದು ಉಬ್ಬಿದ ಚೀಲ. ಅಮರನಿಗೆ ಕಾಲು ಮುಟ್ಟಿ ನಮಸ್ಕರಿಸುವ ಆಸೆ. ಆದರೆ ಬಗ್ಗಿದರೆ ಗಾಡಿ ಬೀಳುತ್ತದೆ! ಹ್ಯಾಂಡಲ್ಲು ಹಿಡಿದುಕೊಂಡೇ ಅರ್ಧ ಬಗ್ಗಿ, ಗಾಡಿ ವಾಲಿ, ಮತ್ತೆ ನೆಟ್ಟಗಾದ.

"ಇರ್ಲಿ, ಇರ್ಲಿ! ಈಗ ನೀವು ಬಗ್ಗಬಾರದ್ರಿ" ಎಂದು ಮಾವನೇ ಕೈಮುಗಿದರು. ಆಮೇಲೆ ಬೋಳು ಗಾಡಿಯನ್ನು ಹಿಂದೆ ಮುಂದೆ ನೋಡಿ, ಅಮರನ ಕಿವಿಯ ಹತ್ತಿರ ಬಂದು, "ಭಾಳ ಶಾಣ್ಯಾರಿದ್ದೀರಿ ಬಿಡ್ರಿ. ಇಂಥಾ ಧಂದೆ ಮಾಡಾವ್ರು ಹಿಂಗ ಬಡವರಂಗ ಅಡ್ಡಾಡಬೇಕು" ಎಂದರು.

ಚುಚ್ಚುಮಾತೇ ಇರಬೇಕೆಂದು ಅಮರ ತೀರ್ಮಾನಿಸಿದ. ಆದರೆ ಮಾವನ ಮುಖದಲ್ಲಿ ಸೂಜಿ ಕಾಣಲಿಲ್ಲ.

ಪ್ರಯಾಣ ಹೊರಟಿತು. ಕಾಲಿಡಲು ಕಡ್ಡಿ ಇಲ್ಲದ್ದರಿಂದ ಮಾವ ಎರಡೂ ಕಾಲನ್ನು ಗಾಳಿಯಲ್ಲಿ ಚಾಚಿ, ಗರುಡ ಇಳಿಯುವಾಗಿನ ಭಂಗಿಯಲ್ಲಿ ಕುಳಿತಿದ್ದರು. ಮಡ್‌ಗಾರ್ಡಿಲ್ಲದ ಚಕ್ರವು ಶಿವಾಜಿನಗರದ ಕೆಸರನ್ನು ಧೋತರಕ್ಕೂ, ಖಡಕಿಯದನ್ನು ಅಂಗಿಗೂ, ದಾಪೋಡಿಯದನ್ನು ಟೋಪಿಗೂ ಹಂಚುತ್ತ ಬಂತು. ಒಂದು ಸಿಗ್ನಲ್ಲಿನಲ್ಲಿ ಮಾವ ಟೋಪಿಯ ಕೆಸರು ಒರೆಸಿಕೊಂಡು ಮೆಲ್ಲಗೆ ಕೇಳಿದರು.

"ಇಲ್ಲೀತನಕ ಒಟ್ಟು ಎಷ್ಟು ಆತ್ರಿ?"

ಸುಳ್ಳು ಹೇಳಿ ಪ್ರಯೋಜನವಿಲ್ಲ. "ಒಂಬತ್ತು ಕಿಲೋ ಆಗೇದ್ರಿ ಮಾವಾರ."

ಹೆಗಲ ಮೇಲಿನ ಕೈ ಇಕ್ಕಳದಂತೆ ಬಿಗಿಯಿತು. "ಒಂಬತ್ತು ಕಿಲೋ! ಏನ್ ರೇಟ್ ಬಂತು?"

"ಕಿಲೋಕ್ಕ ಆರ್ರಿ."

ಪೇಟೆಯ ಮಂದಿ ಲಕ್ಷದ ಲೆಕ್ಕ ಆಡುವಾಗ ಲಕ್ಷವನ್ನು ನುಂಗಿ ಬರೀ ಅಂಕಿ ಹೇಳುತ್ತಾರೆ. ಅಮರ ನುಂಗಿದ್ದು ಬರೀ ರೂಪಾಯಿ. "ಆರು... ಬರೋಬರಿ ಅದ. ಪ್ಯಾಟಿ ರೇಟೇ ಅದ" ಎಂದು ಶಿವಪ್ಪನವರು ತೃಪ್ತಿಯಿಂದ ಗೋಣು ಹಾಕಿದರು.

"ಹಿತ್ತಾಳಿ ಇದ್ದಿದ್ರ ಇನ್ನಷ್ಟು ಬರ್ತಿತ್ರಿ" ಎಂದ ಅಮರ, ಪ್ರಾಮಾಣಿಕವಾಗಿ.

ಮಾವ ನಕ್ಕರು. ಮುಂದಿನ ಸಿಗ್ನಲ್ಲಿನವರೆಗೂ ನಗುತ್ತಲೇ ಇದ್ದರು. ಇಷ್ಟು ದೊಡ್ಡ ಮನಸ್ಸಿನ ಮಾವನನ್ನು ತಾನು ತಪ್ಪು ತಿಳಿದೆನಲ್ಲ ಎಂದು ಅಮರನ ಕಣ್ಣು ತುಂಬಿ ಬಂತು. ಆ ಧೈರ್ಯದಲ್ಲಿ, "ಇನ್ನೂ ಮೂರು ಕಿಲೋ ತಗೀಬೇಕಂತ ಮಾಡೀನ್ರಿ" ಎಂದ.

"ತಗೀರಿ, ತಗೀರಿ! ನಿಮಗ ಯಾರು ಬ್ಯಾಡ ಅಂತಾರ! ಈಗ ಸೀದಾ ಅಂಗಡಿಗೇ ನಡೀರಿ, ಮನಿ ಆಮ್ಯಾಲ."

ರಂಗೂಬಾಯಿ ಯಾವುದೋ ಕಾರಿನ ಹರಿದ ಸೀಟಿನ ಮೇಲೆ ಮಹಾರಾಣಿಯಂತೆ ಕುಳಿತಿದ್ದಳು. ಹಿಂದೆ ತುಕ್ಕು ಹಿಡಿದ ಡಬ್ಬಿ, ಮುರಿದ ಫ್ಯಾನು, ತಳ ಸುಟ್ಟ ಕುಕ್ಕರುಗಳ ಬೆಟ್ಟ. ಶಿವಪ್ಪನವರು ಗಾಜಿನ ಬಾಗಿಲು ಹುಡುಕಿದರು. ಬಂದೂಕು ಹಿಡಿದ ಕಾವಲುಗಾರನನ್ನು ಹುಡುಕಿದರು. ಸಿಕ್ಕಿದ್ದು ಒಂದು ನಾಯಿ.

"ಬಂಗಾರ ಎಲ್ಲಿ ಅದ?"

ಭಾಷೆ ತಿಳಿಯದಿದ್ದರೂ ರಂಗೂಬಾಯಿಗೆ ಆ ಶಬ್ದ ತಿಳಿಯಿತು. ಇದೆಲ್ಲ ಅದೇ ಎಂದು ಎರಡೂ ತೋಳು ಚಾಚಿ ಬೆಟ್ಟವನ್ನೇ ತೋರಿಸಿದಳು. "ಹೇ ಸಗಳಂ ಭಂಗಾರಚ್ ಆಹೇ, ಬಾಬಾ!"

ಒಳಗಿನ ಕೋಣೆಯಲ್ಲಿ ಇಟ್ಟಿರಬೇಕು, ಕಳ್ಳರ ಭಯ, ಎಂದುಕೊಂಡ ಶಿವಪ್ಪನವರು ಸೊಂಟದ ಚೀಲ ಬಿಚ್ಚಿದರು. ಅದರಲ್ಲಿ ಭೀಮವ್ವನ ಬಂಗಾರದ ಪಾಟಲಿ ಬಳೆ, ಬೋರಮಾಳ ಸರ. "ನಮ್ಮ ಕಡೀ ಮಗಳು ಇಂದೂನ ಮದುವಿಗೆ ಇವನ್ನ ಕರಗಿಸಿ ಹೊಸಾದು ಮಾಡಬೇಕ್ರಿ. ಮನೀ ಅಳಿಯನ ಅಂಗಡಿ ಇರೂವಾಗ ಮಂದಿ ಅಂಗಡಿಗಿ ಯಾಕ ಹೋಗೂದು?"

ಮಾವ ಕೇಳುತ್ತಿರುವುದು ಭ ಅಲ್ಲ, ಬ ಎಂದು ಅಮರನಿಗೆ ಆಗ ಹೊಳೆಯಿತು. ಅಷ್ಟರಲ್ಲಿ ರಂಗೂಬಾಯಿ, ಮೂವತ್ತು ವರ್ಷದ ರೂಢಿಯಂತೆ, ಚೀಲವನ್ನು ಇಸಿದುಕೊಂಡು ಮೋಟರ್‌ಸೈಕಲ್ಲು ತೂಗುವ ಕಾಟಾದ ಮೇಲೆ ಧಪ್ಪನೆ ಒಗೆದಳು. ಮುಳ್ಳು ಅಲುಗಲಿಲ್ಲ.

"ಕಾಹೀಚ್ ವಜನ ನಾಹೀ!" ಎಂದು ಮುಖ ಸಿಂಡರಿಸಿದಳು. ಏನೂ ತೂಕವೇ ಇಲ್ಲವಂತೆ!

ಮೂರು ತಲೆಮಾರಿನ ಬಂಗಾರ! "ಏ! ಏ!" ಎಂದು ಶಿವಪ್ಪನವರು ಕಾಟಾದ ಮೇಲೆ ಹಾರಿದರು. ಮಾವ ಹಾರಿದರೆಂದು ಅಮರನೂ ಹಾರಿದ. ಹಾರುವಾಗ ಗಾಡಿಯ ಕೈ ಬಿಟ್ಟ. ಗಾಡಿ ಒಮ್ಮೆ ಯೋಚಿಸಿ, ಬೆಟ್ಟದ ಮೇಲೆ ಒರಗಿತು. ಬೆಟ್ಟ ಗಾಡಿಯ ಮೇಲೆ ಒರಗಿತು. ಸದ್ದೆಲ್ಲ ಅಡಗಿದ ಮೇಲೆ ನೋಡಿದರೆ ಯಾವುದು ಗಾಡಿ, ಯಾವುದು ಭಂಗಾರ ಎಂದು ಹೇಳುವುದೇ ಕಷ್ಟವಾಗಿತ್ತು.

"ಮಾವಾರ... ಭಂಗಾರ ಅಂದ್ರ ಇಲ್ಲಿ... ಮೋಡಕಾ ಸಾಮಾನ್ರಿ" ಎಂದ ಅಮರ.

"ಮತ್ತ ಆ ಒಂಬತ್ತು ಕಿಲೋ?"

"ನೀವು ಕೊಟ್ಟ ಗಾಡೀದ್ರಿ. ರೇಸಿಗಂತ ಹಗರ ಮಾಡೀನಿ."

"ಆರು ಅಂದ್ರ?"

"ಆರು ರೂಪಾಯಿರಿ."

ಶಿವಪ್ಪನವರು ಚೀಲವನ್ನು ಎದೆಗವಚಿಕೊಂಡು ಕಾರಿನ ಸೀಟಿನ ಮೇಲೆ ಕುಸಿದರು. ರಂಗೂಬಾಯಿ ಸರಿದು ಜಾಗ ಕೊಟ್ಟಳು. ಮಾವ ಚೀಲದ ಬಾಯಿ ಬಿಗಿಯುತ್ತ ಹೇಳಿದರು.

"ನಿಮ್ಮ ಅತ್ತಿ ಊರೆಲ್ಲ ಪೇಢೆ ಹಂಚ್ಯಾಳ. ಬೀಗರಿಗೂ ಹೇಳೀವಿ. ಈಗ ಇಲ್ಲ ಅಂದ್ರ ಯಾರ ಮಾರಿ ಹೋಗೂದು? ನೀವು ಬಂಗಾರದ ಅಂಗಡಿಯವರೇ ಅಂತ ಇರ್ಲಿ. ಇಂಡಿಯೊಳಗ ಬಾಯಿ ಬಿಡಬ್ಯಾಡ್ರಿ." ಆಮೇಲೆ ಎದ್ದು ನಿಂತು, ಕೆಸರು ಧೋತರ ಕೊಡವಿ, "ಮೊದಲ ಆ ಗಾಡಿಗಿ ಎಲ್ಲಾ ತಿರುಗಿ ಹಾಕಸ್ರಿ. ನನ್ನ ಕಣ್ಣ ಮುಂದ!" ಎಂದರು.

ಗಾಡಿಯ ಮೂಲ ಅಂಗಾಂಗಗಳು ಆಗಲೇ ಕುಲುಮೆ ಸೇರಿದ್ದವು. ರಂಗೂಬಾಯಿ ಉದಾರವಾಗಿ ಬೆಟ್ಟದಿಂದಲೇ ಆರಿಸಿ ಕೊಟ್ಟಳು: ಹಾಲಿನವನ ಗಾಡಿಯ ಸೀರೆ ಗಾರ್ಡು, ಯಾವುದೋ ಭಾರಿ ಮೋಟರ್‌ಸೈಕಲ್ಲಿನ ಲೆಗ್ ಗಾರ್ಡು, ಟೆಂಪೋದ ಹಾರನ್ನು, ಆನೆಯ ಕಾಲಿನಂಥ ಸ್ಟ್ಯಾಂಡು. ಎಲ್ಲ ಬಿಗಿದು ಕಾಟಾದ ಮೇಲೆ ಹತ್ತಿಸಿದಾಗ ಮುಳ್ಳು ಹಳೆಯ ಗುರುತನ್ನು ದಾಟಿ ದೂರ ಹೋಗಿ ನಿಂತಿತು.

"ವಜನ ವಾಢ್ಲಂ ರೇ ಭಾವು!" ಎಂದು, ತೂಕ ಏರಿದ್ದಕ್ಕೆ ರಂಗೂಬಾಯಿ ಅಭಿನಂದಿಸಿದಳು.

ಪಂದ್ಯದ ಭಾನುವಾರ ಅಮರ ಆ ಗಾಡಿಯ ಮೇಲೆ ತ್ರಿವೇಣಿಯನ್ನೂ, ಅವಳ ತೊಡೆಯ ಮೇಲೆ ಜೋಳದ ಡಬ್ಬಿಯನ್ನೂ ಕೂಡಿಸಿಕೊಂಡು ಹಿಟ್ಟಿನ ಗಿರಣಿಗೆ ಹೋಗಿ ಬಂದ. "ಈಗ ನೋಡ್ರಿ, ಗಾಡಿ ಗಾಡಿಯಂಗ ಕಾಣ್ತದ" ಎಂದಳು ತ್ರಿವೇಣಿ, ಸೆರಗು ನಿಶ್ಚಿಂತೆಯಿಂದ ಹಾರಬಿಟ್ಟು.

ದೀಪಾವಳಿ ಕಳೆದ ಮೇಲೆ ಇಂಡಿಯಲ್ಲಿ ಇಂದೂನ ಮದುವೆ. ಅಮರ ಹಂದರದೊಳಗೆ ಕಾಲಿಟ್ಟದ್ದೇ ತಡ, ಬ್ಯಾಂಕಿನ ಹಿರಿಯಳಿಯ ತಾನಾಗಿ ಎದ್ದು ಕುರ್ಚಿ ಬಿಟ್ಟುಕೊಟ್ಟ. ಚಾಪೆಯ ಕಡೆ ಹೊರಟಿದ್ದ ಅಮರನನ್ನು ನಾಲ್ಕು ಜನ ಹಿಡಿದು ಕುರ್ಚಿಗೇ ಕೂಡಿಸಿದರು. ಬೀಗರ ಪೈಕಿ ಹಿರಿಯರೊಬ್ಬರು ಎದುರಿಗೆ ಬಂದು, ಉಂಗುರ ತಿರುವುತ್ತ ಕೇಳಿದರು.

"ಪುಣೆದಾಗ ನಿಮ್ಮ ಅಂಗಡ್ಯಾಗ ಹತ್ತು ಗ್ರಾಂಕ್ಕ ಏನು ನಡದದ್ರಿ?"

ಅಮರ ಮಾವನ ಕಡೆ ತಿರುಗಿದ. ಎಲೆಗೆ ಸುಣ್ಣ ಸವರುತ್ತ ಕುಳಿತಿದ್ದ ಶಿವಪ್ಪನವರು ತಲೆ ಎತ್ತದೆಯೇ ಉತ್ತರ ಕೊಟ್ಟರು.

"ನಮ್ಮ ಅಳಿಯಂದ್ರ ಅಂಗಡ್ಯಾಗ ಗ್ರಾಂ ಮಾತೇ ಇಲ್ರಿ. ಏನಿದ್ರೂ ಕಿಲೋ ಲೆಕ್ಕ!"

ಬೀಗರು ಮೂಗಿನ ಮೇಲೆ ಬೆರಳಿಟ್ಟರು. ಗೌರವದಿಂದ ಒಬ್ಬೊಬ್ಬರಾಗಿ ಎದ್ದು ನಿಂತರು. ಎಲ್ಲರೂ ನಿಂತರೆಂದು ಅಮರನೂ ಎದ್ದ. ಎದ್ದವನಿಗೆ, ಸ್ಟ್ಯಾಂಡಿಲ್ಲದ ಗಾಡಿಯಂತೆ, ಒರಗಲು ಎಲ್ಲಾದರೂ ಒಂದು ಗೋಡೆ ಬೇಕಾಗಿತ್ತು.