ಮಂಜು ನುಂಗಿದ ಐದು ಗುಮ್ಮಟಗಳ ವಿಚಾರವಾಗಿ ಆಡಿಯೋ ಗೈಡ್ ಅವರಿಗೆ

ಮಾನ್ಯ ಆಡಿಯೋ ಗೈಡ್ ಮಹಾಶಯರೇ,

ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಸ್ಯಾನ್ ಮಟಿಯೋದಲ್ಲಿ ಕ್ಷೇಮದಿಂದಿರುವ ಸಿಂಧು ಮಧುಕರ್ ಎಂಬ ಗೃಹಸ್ಥೆ, ತಮ್ಮನ್ನು ಕಿವಿಯಿಂದ ಹೊರತೆಗೆದು ಮೇಜಿನ ಮೇಲೆ ಗೌರವದಿಂದ ಇರಿಸಿ, ಮಾಡುವ ನಮಸ್ಕಾರಗಳು. ದೇಹವಿಲ್ಲದ ತಮಗೆ ಆರೋಗ್ಯ ವಿಚಾರಿಸುವುದು ಸರಿಯೋ ತಪ್ಪೋ ತಿಳಿಯದು. ಆದರೂ ದಿನವಿಡೀ ಉಸಿರು ತೆಗೆದುಕೊಳ್ಳದೆ ಮಾತನಾಡಿದ ತಮ್ಮ ಗಂಟಲು ಚೆನ್ನಾಗಿದೆಯೆಂದು ನಂಬಿದ್ದೇನೆ.

'ಒಂದೇ ದಿನದಲ್ಲಿ ರಷ್ಯನ್ ಸ್ಯಾನ್ ಫ್ರಾನ್ಸಿಸ್ಕೋ' ಎಂಬ ತಮ್ಮ ಪ್ರವಾಸವನ್ನು ಫೋನಿಗೆ ಇಳಿಸಿಕೊಂಡವಳು ನಾನೇ ಆದ್ದರಿಂದ, ಮುಂದೆ ಹೇಳುವ ದೂರಿನಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಬರುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಮೈಸೂರಿನ ಕಾನ್ವೆಂಟಿನಲ್ಲಿ ಶಿಶುವಿಹಾರದಿಂದಲೇ ಇಂಗ್ಲಿಷಿನಲ್ಲಿ ಓದಿದ ನನಗೆ, ಒಳ್ಳೆಯ ಉಚ್ಚಾರಣೆಯಲ್ಲಿ ಯಾರು ಏನು ಹೇಳಿದರೂ ಮನಸ್ಸಿನೊಳಗೆ ಎದ್ದು ನಿಂತು 'ಯೆಸ್ ಮಿಸ್' ಎನ್ನುವ ಅಭ್ಯಾಸವಿದೆ. ತಮ್ಮ ಉಚ್ಚಾರಣೆಯೋ, ಲಂಡನ್ನಿನ ಯಾವುದೋ ರಾಣಿಯ ಊಟದ ಮನೆಯಿಂದ ನೇರವಾಗಿ ಬಂದಂತಿತ್ತು.

ವಿಷಯ ನನ್ನ ಅತ್ತೆ ತಾಯಮ್ಮನವರದು. ಮಂಡ್ಯದ ಅಂಚೆ ಕಚೇರಿಯಿಂದ ನಿವೃತ್ತರಾದ ಇವರು ಚಿಕ್ಕವರಿದ್ದಾಗ ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದುದು ರಷ್ಯಾದಿಂದ ಬರುತ್ತಿದ್ದ ಪತ್ರಿಕೆಯೊಂದರ ನುಣುಪು ಹಾಳೆಗಳಲ್ಲಿ. ಲೆಕ್ಕದ ಪುಸ್ತಕದ ಮೇಲೆ ಈರುಳ್ಳಿಯಾಕಾರದ ಗುಮ್ಮಟಗಳಿದ್ದವಂತೆ, ಆದ್ದರಿಂದಲೇ ಲೆಕ್ಕದ ಪುಸ್ತಕವನ್ನು ಹೊರಗಿನಿಂದ ಮಾತ್ರ ನೋಡುತ್ತಿದ್ದರಂತೆ. ಅವರ ಬೆಳಗಿನ ವಾಕಿಂಗ್ ಗುಂಪಿನ ಹೆಂಗಸರೆಲ್ಲ ಸೇರಿ ಈ ಜೂನ್‌ನಲ್ಲಿ ರಷ್ಯಾ ಪ್ರವಾಸಕ್ಕೆ ಹೊರಟಾಗ ಇವರೂ ಹೆಸರು ಕೊಟ್ಟಿದ್ದರು. ಅದೇ ವಾರ ನನ್ನ ಮಗಳು ಲಾಸ್ಯಾಳ ಹೈಸ್ಕೂಲ್ ಗ್ರ್ಯಾಜುಯೇಷನ್ ಬಂತು. ಅತ್ತೆ ರಷ್ಯಾವನ್ನು ಬಿಟ್ಟು ಇಲ್ಲಿಗೆ ಬಂದರು, ಮೊಮ್ಮಗಳು ವೇದಿಕೆಯ ಮೇಲೆ ಕಣ್ಣುಮಿಟುಕಿಸುವಷ್ಟು ಹೊತ್ತು ನಡೆದದ್ದನ್ನು ನೋಡಿದರು, ಆಮೇಲೆ ಗುಂಪಿನ ಮುಖಂಡರಾದ ಕಮಲವ್ವನವರು ಕಳಿಸುತ್ತಿದ್ದ ಗುಮ್ಮಟಗಳ ಫೋಟೋಗಳನ್ನು ನಮ್ಮ ಸೋಫಾದಲ್ಲಿ ಕುಳಿತು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತ ಹೋದರು. ಗುಂಪು ಮಂಡ್ಯಕ್ಕೆ ಮರಳಿದ ಮೇಲೆ ಒಂದು ದಿನ ತಡೆಯಲಾರದೆ ಹೇಳಿಯೇ ಬಿಟ್ಟರು: "ಇಲ್ಲೂ ರಷ್ಯಾ ಐತೆ ಕಣ್ರೇ, ಚಿನ್ನದ ಗುಮ್ಟಾನೇ ಐತೆ, ನನ್ ಸೊಸೆ ತೋರುಸ್ತಾಳೆ, ಶನಿವಾರ ವಿಡಿಯೋದಾಗೆ ನೋಡೀರಂತೆ." ಸೊಸೆಯ ಮೇಲೆ ಅವರು ಊರೆದುರು ಭರವಸೆ ಇಟ್ಟದ್ದು ಇದೇ ಮೊದಲು. ಇಪ್ಪತ್ತು ವರ್ಷಗಳಿಂದ ಟಿ.ವಿ. ರಿಮೋಟಿನ ಬ್ಯಾಟರಿಯ ಬಗ್ಗೆಯೂ ಮಗನನ್ನೇ ಕೇಳುವವರು ಅವರು.

ಆ ಭರವಸೆಯನ್ನು ಉಳಿಸುವ ಹೊಣೆಯನ್ನು ನಾನು ತಮಗೆ ಒಪ್ಪಿಸಿದೆ. ತಾವು ಹತ್ತಾರು ಭಾಷೆ ಬಲ್ಲವರಾದರೂ ಅವುಗಳಲ್ಲಿ ಕನ್ನಡವಿಲ್ಲದ ಕಾರಣ, ತಾವು ನನ್ನ ಕಿವಿಯಲ್ಲಿ ಹೇಳಿದ್ದನ್ನು ನಾನು ಅತ್ತೆಯ ಕಿವಿಯಲ್ಲಿ ಕನ್ನಡದಲ್ಲಿ ಹೇಳುವುದೆಂದು ಏರ್ಪಾಡಾಯಿತು. ಲಾಸ್ಯಾಳನ್ನೂ ಕರೆದುಕೊಂಡು ಹೋದ ರಷ್ಯನ್ ಮ್ಯೂಸಿಯಂನಲ್ಲಿ, ಮೊದಲ ಗಾಜಿನ ಕಪಾಟಿನ ಮುಂದೆಯೇ ನನ್ನ ಯೋಗ್ಯತೆ ನನಗೆ ತಿಳಿಯಿತು. ತಾವು ಹತ್ತು ವಾಕ್ಯ ಹೇಳಿದರೆ ನನ್ನ ಬಾಯಿಂದ "ಇದು ತುಂಬಾ ಹಳೇದಂತೆ" ಎಂದಷ್ಟೇ ಬರುತ್ತಿತ್ತು. ದೇಶ ಬಿಟ್ಟು ಓಡಿಬಂದ ಸೇನಾಧಿಕಾರಿಗಳು, ಅವರ ಪದಕಗಳು, ಅವರ ಹೆಂಡತಿಯರ ಮೂಕ ಧೈರ್ಯ ಎಂದು ತಾವು ಭಾವುಕರಾದಾಗ, ನಾನು "ಪಾಪ, ಕಷ್ಟಪಟ್ಟಿದ್ದಾರೆ" ಎಂದೆ. "ಅಷ್ಟ್ ಹೊತ್ತು ಮಾತಾಡಿ ಇಷ್ಟೇ ಯೋಳುದ್ನಾ ಅವ್ನು?" ಎಂದು ಅತ್ತೆ ನನ್ನ ಇಯರ್‌ಫೋನನ್ನೇ ಅನುಮಾನದಿಂದ ನೋಡಿದರು. ಸಮೋವರ್ ಎದುರಾದಾಗ ಅದನ್ನು ಕನ್ನಡದಲ್ಲಿ ಏನೆನ್ನಬೇಕೆಂದು ನಾನು ಒದ್ದಾಡುತ್ತಿದ್ದರೆ, ಲಾಸ್ಯಾ "ಅಜ್ಜಿ, ಇಟ್ಸ್ ಲೈಕ್ ಎ ಟೀ ಮಷೀನ್" ಎಂದು ಎರಡು ಸೆಕೆಂಡಿನಲ್ಲಿ ಮುಗಿಸಿದಳು. ನನ್ನ ಕನ್ನಡಕ್ಕಿಂತ ಮಗಳ ಇಂಗ್ಲಿಷೇ ಅತ್ತೆಗೆ ಚೆನ್ನಾಗಿ ತಿಳಿಯಿತೆಂಬ ಸಂಗತಿಯನ್ನು ತಮ್ಮ ದಾಖಲೆಗಾಗಿ ತಿಳಿಸಿರುತ್ತೇನೆ.

ಅಲ್ಲಿಂದ ಗೇರಿ ಬೀದಿಯ ರಷ್ಯನ್ ಚರ್ಚಿಗೆ ಹೋದೆವು. ಕಾರಿನಲ್ಲಿ ನಾನು ಅತ್ತೆಗೆ ದಾರಿಯುದ್ದಕ್ಕೂ ಬುದ್ಧಿ ಹೇಳಿದ್ದೆ: ಇಲ್ಲಿ ಚಪ್ಪಲಿ ಬಿಡುವಂತಿಲ್ಲ, ಅಡ್ಡ ಬೀಳುವಂತಿಲ್ಲ, ಪ್ರದಕ್ಷಿಣೆ ಹಾಕುವಂತಿಲ್ಲ, ತಲೆಯ ಮೇಲೆ ಮಾತ್ರ ಸೆರಗು ಇರಬೇಕು. ಅವರು ಒಂದನ್ನೂ ಬಿಡದೆ ಪಾಲಿಸಿದರು. ಆದರೆ ಬಾಗಿಲ ಬಳಿ ತಾವು ತಗ್ಗಿದ ದನಿಯಲ್ಲಿ 'ದಯವಿಟ್ಟು ಭಕ್ತಿಯಿಂದ ಒಳಗೆ ಹೋಗಿ' ಎಂದಿರಿ. ಭಕ್ತಿ ಎಂದ ಮೇಲೆ ನನ್ನ ಕಾಲುಗಳು ನನ್ನನ್ನು ಕೇಳಲಿಲ್ಲ. ಮೇಣದ ಬತ್ತಿಗಳ ನಡುವೆ, ನೆತ್ತಿಯವರೆಗೂ ಚಿತ್ರ ತುಂಬಿದ ಗೋಡೆಗಳ ಕೆಳಗೆ, ಬೆಂಚುಗಳೇ ಇಲ್ಲದೆ ಎಲ್ಲರೂ ಬೂಟು ಹಾಕಿಕೊಂಡು ನಿಂತಿದ್ದ ಆ ಜಾಗದಲ್ಲಿ ನಾನೊಬ್ಬಳೇ ಕಾಲುಚೀಲದಲ್ಲಿದ್ದೆ, ಅದರಲ್ಲೊಂದು ಹೆಬ್ಬೆರಳಿನ ಬಳಿ ತೂತಾಗಿತ್ತು. ತಲೆಗೆ ಸ್ಕಾರ್ಫ್ ಕಟ್ಟಿದ ರಷ್ಯನ್ ಅಜ್ಜಿಯೊಬ್ಬರು ನನ್ನ ಹೆಬ್ಬೆರಳನ್ನೂ, ಆಮೇಲೆ ಅತ್ತೆಯ ಮುಖವನ್ನೂ ನೋಡಿದರು. ಅತ್ತೆ ಅವರಿಗೆ ಕಣ್ಣಿನಲ್ಲೇ ಏನೋ ಉತ್ತರ ಕೊಟ್ಟರು. ಇಡೀ ದಿನದಲ್ಲಿ ಭಾಷಾಂತರವೇ ಬೇಡವಾಗಿದ್ದ ಸಂಭಾಷಣೆ ಅದೊಂದೇ.

ಇನ್ನು ಮುಖ್ಯ ದೂರಿಗೆ ಬರುತ್ತೇನೆ. ಮಂಡ್ಯದಲ್ಲಿ ಬೆಳಗಿನ ವಾಕಿಂಗ್ ಎಂದರೆ ನಮಗೆ ಹಿಂದಿನ ದಿನದ ಸಂಜೆ. ನಾವು ಒಳಗಿನಿಂದ ಹೊರಬಂದು, ರಸ್ತೆ ದಾಟಿ, ಫೋಟೋಗೆ ಸರಿಯಾದ ಜಾಗದಲ್ಲಿ ನಿಂತು ತಿರುಗಿ ನೋಡಿದಾಗ ಸಾಗರದ ಕಡೆಯಿಂದ ಬಂದ ಮಂಜು ಐದೂ ಗುಮ್ಮಟಗಳನ್ನು ನುಂಗಿ, ಎರಡನೇ ಅಂತಸ್ತಿನ ಕಿಟಕಿಗಳಿಗೆ ಬಾಯಿ ಹಾಕಿತ್ತು. ಜುಲೈ ಸಂಜೆ ಈ ಊರಿನಲ್ಲಿ ಹೀಗಾಗುತ್ತದೆಂದು ಇಲ್ಲಿ ಹದಿನೆಂಟು ವರ್ಷ ಬದುಕಿದ ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಆದರೆ ತಮ್ಮ ಪ್ರವಾಸದಲ್ಲಿ 'ಸಂಜೆಯೇ ಅತ್ಯುತ್ತಮ' ಎಂದಿತ್ತು, ಒಳ್ಳೆಯ ಇಂಗ್ಲಿಷಿನಲ್ಲಿತ್ತು, ನಾನು ನಂಬಿದೆ. ಅಷ್ಟರಲ್ಲಿ ಅತ್ತೆಯ ಫೋನು ಬಡಿದುಕೊಂಡಿತು. ಪರದೆಯ ತುಂಬ ಮಂಡ್ಯದ ಬಿಸಿಲು, ಅದರ ನಡುವೆ ಕಮಲವ್ವ, ಅವರ ಹೆಗಲ ಮೇಲೆ ಇಣುಕುವ ಅರ್ಧ ಡಜನ್ ಮುಖಗಳು.

"ಎಲ್ಲೇ ತಾಯಮ್ಮ ನಿನ್ ರಷ್ಯಾ? ಬರೀ ಬೆಳ್ಳಗೈತಲ್ಲೇ. ಸೊಸೆ ನಿಂಗೆ ಬೆಡ್‌ಶೀಟ್ ತೋರುಸ್ತಾವಳಾ?" ಎಂದು ಕಮಲವ್ವ ಕೇಳಿದರು, ಹಿಂದಿನ ಮುಖಗಳು ನಕ್ಕವು. ಅತ್ತೆಯ ಕೈ ಒಂದು ಕ್ಷಣ ಕೆಳಗಿಳಿಯಿತು. ಆಮೇಲೆ ಅವರು ಫೋನನ್ನು ಮತ್ತೆ ಮೇಲೆತ್ತಿ, ಮಂಜಿಗೇ ನೇರವಾಗಿ ಹಿಡಿದು, "ಹಿಮ ಕಣೇ ಅದು! ನೀವು ಹೋದಾಗ ಛತ್ರಿ ಇಡ್ಕೊಂಡು ಬೆವ್ರು ಒರುಸ್ಕೊತಿದ್ರಿ. ಹಿಮ ಇಲ್ದಿರೋ ರಷ್ಯಾ, ಅದೂ ಒಂದು ರಷ್ಯಾನಾ?" ಎಂದರು. "ಆಷಾಢದಾಗೆ ಹಿಮಾನಾ?" ಎಂದರು ಕಮಲವ್ವ. "ಅಜ್ಜಿ, ದಟ್ಸ್ ಜಸ್ಟ್..." ಎಂದು ಬಾಯಿ ತೆರೆದ ಲಾಸ್ಯಾಳ ಕಾಲನ್ನು ನಾನು ಮೆತ್ತಗೆ, ಆದರೆ ಪೂರ್ತಿ ಭಾರ ಹಾಕಿ, ತುಳಿದೆ.

ಸರಿಯಾಗಿ ಆ ಗಳಿಗೆಯಲ್ಲಿ, ಇಯರ್‌ಫೋನು ಕಳಚಿದ್ದ ನನ್ನ ಫೋನಿನಿಂದ ತಾವು ರಸ್ತೆಗೆಲ್ಲ ಕೇಳುವಂತೆ ಘೋಷಿಸಿದಿರಿ: 'ತಲೆಯೆತ್ತಿ ನೋಡಿ, ಸ್ವಚ್ಛ ನೀಲಿ ಆಕಾಶದ ಕೆಳಗೆ ಐದು ಚಿನ್ನದ ಗುಮ್ಮಟಗಳು ಸೂರ್ಯನಂತೆ ಹೊಳೆಯುತ್ತಿವೆ.' ಅಷ್ಟು ಸುಂದರವಾದ ಸುಳ್ಳನ್ನು ಅಷ್ಟು ಸ್ಪಷ್ಟ ಉಚ್ಚಾರಣೆಯಲ್ಲಿ ನಾನು ಹಿಂದೆ ಕೇಳಿಲ್ಲ. "ಅದ್ಯಾರೇ ಗಂಡ್ಸು?" ಎಂದರು ಕಮಲವ್ವ. "ಇಲ್ಲಿನ ಗೈಡು. ಸಿಂಧು, ಅವ್ನು ಏನಂದ ಅಂತ ಯೋಳು ಇವ್ರಿಗೆ," ಎಂದು ಅತ್ತೆ ಫೋನನ್ನು ನನ್ನ ಮುಖಕ್ಕೆ ತಿರುಗಿಸಿದರು. ಅವರ ಕಣ್ಣಿನಲ್ಲಿ ಆಜ್ಞೆ ಇರಲಿಲ್ಲ. ಕೋರಿಕೆ ಇತ್ತು, ಅದನ್ನು ನಾನು ಮೊದಲ ಸಲ ನೋಡಿದ್ದು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ಈ ವರ್ಷ ಹಿಮ ಜಾಸ್ತಿಯಂತೆ ಆಂಟಿ. ದೊಡ್ಡವರೆಲ್ಲ ಕಿವಿ ಮುಚ್ಕೊಂಡು ಹುಷಾರಾಗಿ ನಡೀಬೇಕು ಅಂತ ಹೇಳ್ತಿದ್ದಾರೆ."

ಮಂಡ್ಯದ ಮುಖಗಳೆಲ್ಲ ಪರದೆಗೆ ಇನ್ನಷ್ಟು ಹತ್ತಿರ ಬಂದವು. "ಕಿವಿ ಮುಚ್ಕಳೇ ತಾಯಮ್ಮ, ಶೀತ ಆಯ್ತದೆ," ಎಂದರು ಕಮಲವ್ವ ಬೇರೆಯದೇ ದನಿಯಲ್ಲಿ, "ನಮ್ಗೆ ಒಂದ್ ಹಿಡಿ ಹಿಮಾನೂ ಕಾಣ್ನಿಲ್ಲ ನೋಡು."

ಕಾರು ಫ್ರೀವೇ ಸೇರಿದ ಮೇಲೆ ಅತ್ತೆ ಕೇಳಿದರು, "ನಿಜ್ವಾಗ್ಲೂ ಏನಂದ ಅವ್ನು?" ಹೇಳಿದೆ. ಸೀಟ್ ಬೆಲ್ಟಿನೊಳಗೆ ಮೈ ಕುಲುಕಿಸಿ ನಕ್ಕು, ಕನ್ನಡಕ ತೆಗೆದು ಒರೆಸಿಕೊಂಡು, "ಹೋಗ್ಲಿ ಬಿಡು, ಅವ್ನಿಗಿಂತ ನೀನೇ ವಾಸಿ," ಎಂದರು. ನನ್ನ ಸಂಸಾರ ಜೀವನದಲ್ಲಿ ಬಂದ ಅತ್ಯುನ್ನತ ಪ್ರಶಸ್ತಿ ಇದು. ತಾವು ಅಷ್ಟೊಂದು ತಪ್ಪು ಹೇಳಿರದಿದ್ದರೆ ಇದು ನನಗೆ ದಕ್ಕುತ್ತಿರಲಿಲ್ಲವಾದ್ದರಿಂದ ತಮಗೆ ನಾನು ಚಿರಋಣಿ.

ಆದಕಾರಣ ಸವಿನಯ ಪ್ರಾರ್ಥನೆ ಏನೆಂದರೆ, ತಾವು ಮಾತನಾಡುವ ಮುನ್ನ ಒಮ್ಮೆ ಕಿಟಕಿಯಿಂದ ಹೊರಗೆ ನೋಡಬೇಕು. ಸೊಸೆಯಂದಿರು ಬೆವರುತ್ತಿರುವುದು ಕಂಡರೆ ಎರಡು ನಿಮಿಷ ಕೆಮ್ಮಬೇಕು. ಸಾಧ್ಯವಾದರೆ ಬರುವ ಜೂನ್‌ನಲ್ಲಿ ರಷ್ಯಾಕ್ಕೂ ಒಂದಿಷ್ಟು ಹಿಮ ಕಳಿಸಿಕೊಡಬೇಕು, ಕಮಲವ್ವನವರು ಮತ್ತೊಮ್ಮೆ ಹೋಗುವ ಯೋಚನೆಯಲ್ಲಿದ್ದಾರೆ, ಈ ಸಲ ಅತ್ತೆಯೂ ಜೊತೆಗಿರುತ್ತಾರೆ. ಅವರಿಗೆ ಅಲ್ಲಿ ಗೈಡು ಬೇಡವಂತೆ, ನಾನು ಬೇಕಂತೆ. ರಷ್ಯನ್ ನನಗೆ ಬಾರದೆಂದು ಹೇಳಿದೆ. "ಬರ್ದಿದ್ರೇನೇ ಚೆಂದಾಗ್ ಯೋಳ್ತೀಯ" ಎಂದರು.

ಕಿವಿಗೆ ಬಿದ್ದುದನ್ನೆಲ್ಲ ಇನ್ನು ಮುಂದೆ ನಂಬದ,
ತಮ್ಮ ವಿಶ್ವಾಸಿ,
ಸಿಂಧು ಮಧುಕರ್

ತಾ.ಕ.: 'ಭಾರತೀಯ ಬಳಕೆದಾರರ ಅನುಕೂಲಕ್ಕಾಗಿ ಈಗ ಹಿಂದಿಯಲ್ಲೂ ಲಭ್ಯ' ಎಂಬ ತಮ್ಮ ಸಂತಸದ ಸಂದೇಶ ಈಗಷ್ಟೇ ತಲುಪಿತು. ಅದನ್ನು ಅತ್ತೆಗೆ ಪದಶಃ ಭಾಷಾಂತರಿಸಿ ಹೇಳಿದೆ. ಅದಕ್ಕೆ ಅವರು ಮಂಡ್ಯದ ಕನ್ನಡದಲ್ಲಿ ಕೊಟ್ಟ ಉತ್ತರವನ್ನು ತಮಗೆ ಪದಶಃ ತಲುಪಿಸುವಷ್ಟು ಒಳ್ಳೆಯ ಇಂಗ್ಲಿಷನ್ನು ನನ್ನ ಕಾನ್ವೆಂಟು ಕಲಿಸಲಿಲ್ಲ.