ರೋಬೋ ಮಾಡುವವಳಿಗೆ ಅಮ್ಮನ ಅಪ್ಪಣೆ

ಶಿವಸ್ವಾಮಿ ಮಾಡಿದ ತಪ್ಪು ಒಂದೇ. ಚಾಮರಾಜನಗರದ ತನ್ನ ಆಫೀಸಿನಲ್ಲಿ, ಬೆಳಗಿನ ಟೀ ಬರುವ ಹೊತ್ತಿಗೆ ಸರಿಯಾಗಿ ಬಾಯಿ ಬಿಟ್ಟ.

"ನಮ್ ರಂಜಿಗೆ ನಾಳೆ ಬೆಂಗಳೂರಲ್ಲಿ ಇಂಜಿನಿಯರಿಂಗ್ ಕೌನ್ಸೆಲಿಂಗು. ರೋಬೋ ಮಾಡ್ತೀನಿ ಅಂತವ್ಳೆ. ಅದ್ಕೆ ಯಾವ ಬ್ರಾಂಚ್ ತಗೋಬೇಕು?"

ಸಂತೆಮರಹಳ್ಳಿ ಸಂತೆಯಲ್ಲಿ ಎತ್ತಿನ ಬೆಲೆ ಕೇಳಿದವನನ್ನು ದಲ್ಲಾಳಿಗಳು ಮುತ್ತುವಂತೆ ಎಲ್ಲರೂ ಮುತ್ತಿಕೊಂಡರು. ಅಲ್ಲಿ ರೋಬೋವನ್ನು ಕಣ್ಣಿಂದ ಕಂಡವರು ಒಬ್ಬರೂ ಇರಲಿಲ್ಲ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೆ ಮೈಸೂರಿನಿಂದ ರಿಪೇರಿಯವನು ಬರುವ ತನಕ ಅದಕ್ಕೆ ಬಟ್ಟೆ ಹೊದಿಸಿ ಕೂರುವ ಜನ. ಅಭಿಪ್ರಾಯಕ್ಕೆ ಮಾತ್ರ ಬರವಿಲ್ಲ.

"ಮೆಕ್ಯಾನಿಕಲ್ಲೇ ಸಾ," ಎಂದ ಜೀಪ್ ಡ್ರೈವರ್ ಮುದ್ದಯ್ಯ. "ಗೇರು, ಆಕ್ಸಲ್ಲು ಇಲ್ದೆ ಯಾವ್ದಾರ ನಡೆದದ್ದುಂಟಾ?"

"ಒಳಗೆಲ್ಲ ವೈರೇ ಕಣ್ರೀ," ಎಂದಳು ಟೈಪಿಸ್ಟ್ ಸುಂದ್ರಮ್ಮ. "ಎಲೆಕ್ಟ್ರಾನಿಕ್ಸ್ ಕೊಡ್ಸಿ. ರೋಬೋ ಆಗ್ದಿದ್ರೆ ನಮ್ಮನೆ ಟೀವಿಗಾದ್ರೂ ಆಯ್ತಾಳೆ."

ಹೆಡ್ ಗುಮಾಸ್ತ ಗೋವಿಂದಯ್ಯ ಬಿಸ್ಕತ್ತನ್ನು ಟೀಗೆ ಅದ್ದಿ, ತೀರ್ಪು ಓದುವ ಜಡ್ಜಿಯ ಮುಖ ಮಾಡಿದ. "ಅವೆಲ್ಲ ಕೈಗೆ ಮಸಿ ಬಳ್ಕೊಳೋ ಕೆಲ್ಸ ಕಣ್ಲಾ ಶಿವಸ್ವಾಮಿ. ಕಂಪ್ಯೂಟರ್ ತಗಸು. ನನ್ ಬಾಮೈದನ ಅಂಗಡೀಲೇ ಒಂದ್ ಕಂಪ್ಯೂಟ್ರೂ ಕೊಡ್ಸುಬುಡ್ತೀನಿ."

ಮಗಳನ್ನೇ ಕೇಳಬಹುದಿತ್ತು. ಅವಳು ವಾರದಿಂದ ಹೇಳುತ್ತಲೇ ಇದ್ದಳು: "ಮೆಕ್ಯಾನಿಕಲ್ ಅಪ್ಪಾ. ಕೈಕಾಲು ನೆಟ್ಟಗೆ ನಿಲ್ಲದ ರೋಬೋಗೆ ಬುದ್ಧಿ ಕೊಟ್ಟು ಏನ್ ಮಾಡೋದು? ಮಿಕ್ಕಿದ್ದೆಲ್ಲಾ ಆಮೇಲೆ ಕಲ್ತ್ಕೋತೀನಿ." ಆದರೆ ರೋಬೋ ಬಗ್ಗೆ ಮೂರು ಪುಸ್ತಕ ಓದಿದವಳ ಮಾತಿಗೆ, ಒಂದೂ ಓದದ ಮೂವರ ಮಾತಿನಷ್ಟು ತೂಕ ಎಲ್ಲಿಂದ ಬರಬೇಕು?

ಶಿವಸ್ವಾಮಿಗೆ ತಾನಾಗಿ ಒಂದು ತೀರ್ಮಾನ ಮಾಡಿ ಗೊತ್ತಿಲ್ಲ. ಎರಡು ತಿಂಗಳ ಹಿಂದೆ ಹೆಡ್ ಗುಮಾಸ್ತನ ಕುರ್ಚಿ ಬಂದದ್ದು ಮೊದಲು ಅವನಿಗೇ. "ಜವಾಬ್ದಾರಿ ಕೆಲ್ಸ ಕಣ್ಲಾ, ಬಿ.ಪಿ. ಬಂದ್ಬುಟ್ಟಾತು," ಎಂದು ಹೆದರಿಸಿದವನು ಗೋವಿಂದಯ್ಯ. ಗುಂಡ್ಲುಪೇಟೆಯ ಅಮ್ಮನ ಗುಡಿಯಲ್ಲಿ ಹೂ ಕೇಳಲು ಹೇಳಿದವನೂ ಅವನೇ. "'ಬ್ಯಾಡ ಅಂತ ಬರ್ದುಕೊಡ್ಲಾ ತಾಯಿ' ಅಂತ ಕೇಳ್ಕೊ. ಬಲಕ್ಕೆ ಬಿದ್ರೆ ಬರ್ದುಕೊಡು." ಹೂ ಬಲಕ್ಕೆ ಬಿತ್ತು. ಶಿವಸ್ವಾಮಿ ಬರೆದುಕೊಟ್ಟ. ಕುರ್ಚಿ ಗೋವಿಂದಯ್ಯನಿಗೆ ಹೋಯಿತು. ಅಲ್ಲಿಯ ತನಕ "ಲೋ ಗೋವಿಂದ" ಎನ್ನುತ್ತಿದ್ದ ಶಿವಸ್ವಾಮಿ ಮಾರನೆಯ ದಿನದಿಂದ "ಸಾರ್" ಎನ್ನತೊಡಗಿದ.

ಈಗಲೂ ಗೋವಿಂದಯ್ಯನೇ ದಾರಿ ತೋರಿಸಿದ. "ಸಂಜೆ ಅಮ್ಮನ್ನೇ ಕೇಳ್ಬುಡನ ಕಣ್ಲಾ. ಬಲಕ್ಕೆ ಬಿದ್ರೆ ಕಂಪ್ಯೂಟರ್ರು, ಎಡಕ್ಕೆ ಬಿದ್ರೆ ಮೆಕ್ಯಾನಿಕಲ್ಲು."

"ಎಲೆಕ್ಟ್ರಾನಿಕ್ಸು?" ಎಂದಳು ಸುಂದ್ರಮ್ಮ.

"ಅಮ್ಮಂಗೆ ಇರೋದು ಎರಡೇ ಕಡೆ ಕಣಮ್ಮ."

ಸಂಜೆಯ ಗುಂಡ್ಲುಪೇಟೆ ಬಸ್ಸಿನಲ್ಲಿ ಚರ್ಚೆ ಡ್ರೈವರಿನಿಂದ ಹಿಂದಿನ ಸೀಟಿನ ತನಕ ಹಬ್ಬಿತು. ಅರಿಸಿನದ ಮೂಟೆಯ ಮೇಲೆ ಕೂತಿದ್ದ ಮುದುಕನೊಬ್ಬ, "ಆ ರೋಬೋ ಕಳೆ ಕಿತ್ತದಾ?" ಎಂದ. ಗೊತ್ತಿಲ್ಲ ಎಂದ ಶಿವಸ್ವಾಮಿ. "ಮತ್ಯಾಕ್ಲಾ ಅದು?" ಎಂದು ಮುದುಕ ಆ ಕಡೆ ತಿರುಗಿ ಕೂತ. ದಿನವಿಡೀ ಬಂದ ಪ್ರಶ್ನೆಗಳಲ್ಲಿ ಅರ್ಥವಿದ್ದದ್ದು ಅದೊಂದಕ್ಕೇ.

ಗುಡಿ ಶಿವಸ್ವಾಮಿಯ ಮನೆಯ ಹತ್ತಿರವೇ; ಫೋನಿನಲ್ಲಿ ಸುದ್ದಿ ತಿಳಿದು ರಂಜಿ ಅದರ ಮುಂದೆ ಕಾಯುತ್ತಿದ್ದಳು. "ಅಪ್ಪಾ, ನಾನು ಓದೋದನ್ನ ಹೂವು ಹೇಳ್ಬೇಕಾ?"

"ದೊಡ್ಡೋರ್ ಮಾತ್ಗೆ ಎದುರಾಡ್ಬೇಡ ಕಣಮ್ಮಿ," ಎಂದು ಗೋವಿಂದಯ್ಯ ಕಾಲು ತೊಳೆಯಲು ನಲ್ಲಿಯತ್ತ ಹೋದ.

ಒಳಗೆ ಪೂಜಾರಿ ಚಿಕ್ಕಬಸವಯ್ಯ ಕರೆಂಟಿನ ನಗಾರಿ ಮಿಷನ್ ಹಚ್ಚಿ ನೋಡುತ್ತಿದ್ದ. ಗುಂಡಿ ಒತ್ತಿದರೆ ನಗಾರಿ, ಜಾಗಟೆ, ಗಂಟೆ ಎಲ್ಲವನ್ನೂ ತಾನೇ ಬಾರಿಸುವ ಯಂತ್ರ. ಅಮ್ಮನ ಪೀಠದ ಚಪ್ಪಡಿಯ ಹೊರತುದಿಯ ಮೇಲೇ ಅದನ್ನು ಕೂರಿಸಿದ್ದರು. ಅದು ಬಡಿಯುವ ರಭಸಕ್ಕೆ ಅಮ್ಮನ ಮೂಗುತಿಯೂ ನಡುಗುತ್ತಿತ್ತು.

"ಮೂರು ತಿಂಗ್ಳಾಯ್ತು ಇದು ಬಂದು," ಎಂದ ಪೂಜಾರಿ. "ಅವತ್ತಿಂದ ಅಮ್ಮ ಒಬ್ರಿಗೂ ಇಲ್ಲ ಅಂದಿಲ್ಲ. ಹನ್ನೊಂದು ಮದ್ವೆ, ನಾಕು ಬೋರ್‌ವೆಲ್ಲು, ಎಲ್ಲಾ ಬಲಕ್ಕೇ! ಈ ಗಡಗಡ ಒಂದ್ ನಿಂತ್ರೆ ಸಾಕು."

"ನೋಡ್ತೀನಿ ಇರಿ," ಎಂದು ರಂಜಿ ಸ್ವಿಚ್ ಆರಿಸಿದಳು. ಪೂಜಾರಿ ಹೂ ತರಲು ಹೊರಗೆ ಹೋದದ್ದೇ ಕೆಳಗೆ ಬಗ್ಗಿದಳು. ಮಿಷನ್ನಿನ ಒಂದು ಕಾಲಿನ ಅಡಿಯಿಂದ ಮಡಿಸಿದ ದಪ್ಪ ರಟ್ಟೊಂದನ್ನು ಎಳೆದು ಅಪ್ಪನ ಮುಂದೆ ಹಿಡಿದಳು. ಅವರದೇ ಆಫೀಸಿನ ಹಳೆಯ ಫೈಲಿನ ರಟ್ಟು. ಮೇಲೆ ಗೋವಿಂದಯ್ಯನ ದುಂಡು ಅಕ್ಷರ. ಮಿಷನ್ನಿನ ನೆತ್ತಿಯ ಮೇಲೆ ಹಿತ್ತಾಳೆ ಫಲಕ: ಸೇವಾರ್ಥ, ಗೋವಿಂದಯ್ಯ.

"ಬೇಕು ಅಂತಲೇ ಓರೆ ಕೂರ್ಸವ್ರೆ ಅಪ್ಪಾ. ಈ ಕುಲುಕಾಟಕ್ಕೆ ಹೂ ಬಲಕ್ಕೇ ಬೀಳ್ಬೇಕು."

ಶಿವಸ್ವಾಮಿಯ ಕಣ್ಣ ಮುಂದೆ ಕೈಬಿಟ್ಟ ಕುರ್ಚಿ, ಸಂಬಳ, ಅರವತ್ತು ದಿನದ "ಸಾರ್" ಎಲ್ಲವೂ ಸಾಲಾಗಿ ಹಾದುಹೋದವು. ಅಷ್ಟರಲ್ಲಿ ರಂಜಿ ಅದೇ ರಟ್ಟನ್ನು ಇನ್ನೊಂದು ಕಡೆಯ ಕಾಲಿನ ಅಡಿಗೆ ತುರುಕಿ, ಏನೂ ಅರಿಯದವಳಂತೆ ಕೈಮುಗಿದು ನಿಂತಿದ್ದಳು.

ಗೋವಿಂದಯ್ಯ, ಹಿಂದೆಯೇ ಪೂಜಾರಿ ಒಳಗೆ ಬಂದರು. ಪೂಜಾರಿ ಅಮ್ಮನ ನೆತ್ತಿಗೆ ಒದ್ದೆ ಹೂ ಅಂಟಿಸಿ ಮಿಷನ್ ಹಚ್ಚಿದ. ಗಡಗಡ, ಢಣಢಣ. ಹೂ ಜಾರಿ ನೇರವಾಗಿ ಎಡಕ್ಕೆ ಬಿತ್ತು.

"ಎಡ!" ಪೂಜಾರಿಯ ಬಾಯಿ ತೆರೆದೇ ಉಳಿಯಿತು. "ಮೂರು ತಿಂಗ್ಳಲ್ಲಿ ಮೊದಲ್ನೇ ಎಡ!"

"ಮೆಕ್ಯಾನಿಕಲ್!" ಎಂದು ಕುಣಿದ ರಂಜಿ, "ಅಪ್ಪಾ, ಬಟ್ಟೆ ಜೋಡುಸ್ಕೋತೀನಿ. ಅವ್ವನೂ ಬತ್ತಾಳೆ, ನೀನೂ ಬೇಗ ಬಾ," ಎಂದು ಮನೆಗೆ ಓಡಿದಳು.

ಗೋವಿಂದಯ್ಯನ ಮುಖ ಹುಳಿ ಹಿಂಡಿದಂತಾಯಿತು. ಅವನ ಕಣ್ಣು ಮೆಲ್ಲಗೆ ಮಿಷನ್ನಿನ ಕಾಲಿನತ್ತ ಇಳಿಯಿತು, ರಟ್ಟಿನ ಮೇಲೆ ನಿಂತಿತು, ಆಮೇಲೆ ನಕ್ಕಿತು.

ಶಿವಸ್ವಾಮಿಗೆ ಎರಡು ತಿಂಗಳ ಸಿಟ್ಟು ಒಮ್ಮೆಲೇ ಏರಿತು. ಗೋವಿಂದಯ್ಯನ ಎದುರು ಎದೆಯುಬ್ಬಿಸಿ ನಿಂತು ಬಾಯಿ ತೆರೆದ.

"ಸಾರ್... ನಾಳೆ ಒಂದ್ ದಿನ ರಜಾ ಬೇಕಿತ್ತು."

ಗೋವಿಂದಯ್ಯ ಭಕ್ತಿಯಿಂದ ಕಣ್ಣು ಮುಚ್ಚಿದ. "ನನ್ನನ್ಯಾಕ್ಲಾ ಕೇಳ್ತೀಯ? ಅಮ್ಮ ಅವ್ಳಲ್ಲ. ಬಲಕ್ಕೆ ಬಿದ್ರೆ ಸ್ಯಾಂಕ್ಷನ್. ಚಿಕ್ಕಬಸವಯ್ಯ, ಹಚ್ಚು ಮಿಷನ್ನ."

ಶಿವಸ್ವಾಮಿ ಬಾಗಿಲತ್ತ ತಿರುಗಿ ಮಗಳನ್ನು ಕೂಗಿದ. ನಗಾರಿಯ ಸದ್ದಿನಲ್ಲಿ ಆ ಕೂಗು ಅವನಿಗೇ ಕೇಳಿಸಲಿಲ್ಲ. ಹಿಂತಿರುಗಿ ನೋಡುವಷ್ಟರಲ್ಲಿ ಹೂ ಅಮ್ಮನ ಎಡಗಡೆ ತಣ್ಣಗೆ ಬಿದ್ದುಕೊಂಡಿತ್ತು.